ಕಾವಲಿಯ ಸರದಿ

ನಮ್ಮ ಹೋಟೆಲಿನ ದೋಸೆ ಕಾವಲಿಯ ಮೇಲ್ಗಡೆ ಕಂಪನಿಯವರು ಒಂದು ಪರದೆ ತೂಗುಹಾಕಿ ಹೋದರಲ್ಲ, ಆ ದಿನದಿಂದಲೇ ನನಗೂ ಅದಕ್ಕೂ ಎಣ್ಣೆ ಸೀಗೆಕಾಯಿ. ಟಿವಿಯ ಹಾಗಿರುವ ಒಂದು ಚಪ್ಪಟೆ ವಸ್ತು ನನ್ನ ಅಡುಗೆಮನೆಯಲ್ಲಿ ನಿಂತು ಯಾರು ಚುರುಕು, ಯಾರು ನಿಧಾನ ಎಂದು ಹೇಳುವುದೆಂದರೇನು? ಅತ್ತೆಯ ಕಾಲ ಮುಗಿಯಿತು ಎಂದುಕೊಂಡಿದ್ದೆ, ಗೋಡೆಗೆ ಮೊಳೆ ಹೊಡೆದು ಇನ್ನೊಬ್ಬಳನ್ನು ತಂದು ಕೂರಿಸಿದರು.

ನಾನು ಭಾಗೀರಥಿ. ನವಿ ಮುಂಬಯಿಯ ಸಾನಪಾಡಾ ಸ್ಟೇಷನ್ನಿನಿಂದ ಇಳಿದು ಸೆಕ್ಟರಿನ ಕಡೆ ಬಂದರೆ ಮೊದಲು ಮೂಗಿಗೆ ಬರುವುದು ನಮ್ಮ ಸಾಂಬಾರಿನ ಪರಿಮಳ, ಬೋರ್ಡು ಆಮೇಲೆ ಕಾಣುತ್ತದೆ. ಗಂಡ ತೀರಿಕೊಂಡ ಮೇಲೆ ಕ್ಯಾಶ್ ಕೌಂಟರಿನಲ್ಲಿ ಕೂತವಳು, ಇವತ್ತಿಗೂ ಎದ್ದಿಲ್ಲ. ನನ್ನ ಬಾಯಿ ಜೋರು ಎಂದು ಈ ಸಾಲಿನ ಅಂಗಡಿಯವರೆಲ್ಲ ಹೇಳುತ್ತಾರೆ. ಬಾಯಿ ಜೋರಿಲ್ಲದೆ ಸ್ಟೇಷನ್ನಿನ ಎದುರು ಹೋಟೆಲು ನಡೆಸಿ ತೋರಿಸಲಿ, ಆಮೇಲೆ ಮಾತಾಡುವ.

ಪರದೆಯನ್ನು ತರಿಸಿದವನು ನನ್ನ ಮಗ ಜಯೇಶ್. ಒಳ್ಳೆಯ ಹುಡುಗನೇ. ತುಳುವಿನಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ, ಇಲ್ಲಿ ಹುಟ್ಟಿದ ನಮ್ಮ ಮಕ್ಕಳೆಲ್ಲ ಹಾಗೆಯೇ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ್ದಾನೆ, ದುಡಿಯುತ್ತಾನೆ, ಬೀಡಿ ಸಿಗರೇಟಿನ ಚಟ ಇಲ್ಲ. ಆದರೆ ಹೊಸತು ಎಂದರೆ ಒಳ್ಳೆಯದು ಎನ್ನುವ ಒಂದು ಹುಚ್ಚು. ಸಪ್ಲಾಯರ್ ಹುಡುಗರು ಟೇಬಲಿನಲ್ಲಿ ಆರ್ಡರು ಕೇಳಿ ಮೊಬೈಲಿನಲ್ಲಿ ಒತ್ತಿದರೆ ಸಾಕು, ಅದು ಕೌಂಟರಿನಲ್ಲಿರುವ ಕಂಪನಿಯ ಡಬ್ಬಿಗೆ ಬಂದು, ಅಲ್ಲಿಂದ ಅಡುಗೆಮನೆಯ ಪರದೆಗೆ ಹೋಗುತ್ತದೆ, ಕೂಗಾಟವಿಲ್ಲ, ಗಲಾಟೆಯಿಲ್ಲ ಎಂದು ನನ್ನನ್ನು ಒಪ್ಪಿಸಿದ. ಒಪ್ಪಿದೆ. ಕೂಗಾಟವಿಲ್ಲದ ಉಡುಪಿ ಹೋಟೆಲು ದೇವರಿಲ್ಲದ ಗುಡಿ ಎಂದು ಆಗ ನನಗೆ ಹೊಳೆಯಲಿಲ್ಲ.

ಕಾವಲಿಯ ಎದುರು ನಿಲ್ಲುವವನು ಚನಿಯ. ಪುತ್ತೂರು ಕಡೆಯವನು. ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು, ಫೋರ್ಟ್ ಕಡೆ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಹೋಟೆಲ್ ಕೆಲಸದವರಿಗೆಂದೇ ನಡೆಯುತ್ತಿದ್ದ ರಾತ್ರಿ ಶಾಲೆಯಲ್ಲಿ ಕನ್ನಡ ಅಕ್ಷರ ಕಲಿತವನು. ಈಗಲೂ ನಮ್ಮಲ್ಲಿಗೆ ಬರುವ ಕನ್ನಡ ಪೇಪರನ್ನು ಮಧ್ಯಾಹ್ನ ಮೊದಲಿನಿಂದ ಕೊನೆಯವರೆಗೆ, ಟೆಂಡರ್ ಜಾಹೀರಾತನ್ನೂ ಬಿಡದೆ ಓದುತ್ತಾನೆ. ನನ್ನ ಗಂಡ ಹೋದಾಗ, ಈ ಹೆಂಗಸು ಇನ್ನೇನು ಬಾಗಿಲು ಹಾಕುತ್ತಾಳೆ ಎಂದು ಕೆಲಸದವರೆಲ್ಲ ಬೇರೆ ದಾರಿ ನೋಡಿಕೊಂಡರು. ಚನಿಯ ಹೋಗಲಿಲ್ಲ. ನೀವು ಕೌಂಟರಿನಲ್ಲಿ ಕೂತುಕೊಳ್ಳಿ ಅಕ್ಕ, ಕಾವಲಿ ನಾನು ನೋಡುತ್ತೇನೆ ಎಂದ. ಅಷ್ಟೇ ಹೇಳಿದ್ದು, ಹೆಚ್ಚು ಮಾತಿನವನಲ್ಲ ಅವನು.

ಅಂಥವನನ್ನು ಆ ಪರದೆ ಕೆಲವೇ ತಿಂಗಳಲ್ಲಿ ಮೂಲೆಗೆ ತಳ್ಳಿತು. ಅದರಲ್ಲಿ ಬರುವುದೆಲ್ಲ ಇಂಗ್ಲಿಷ್. ಒಂದು ಟೇಬಲಿನ ಆರ್ಡರು ಮೇಲೆ ಬರುತ್ತದೆ, ಅದನ್ನು ಮುಗಿಸಿ ಬೆರಳಿನಿಂದ ಒತ್ತಿದರೆ ಮುಂದಿನದು ಬರುತ್ತದೆ. ತಡವಾದರೆ ಹಳದಿ ಬಣ್ಣ, ಇನ್ನೂ ತಡವಾದರೆ ಕೆಂಪು, ಕೆಂಪಾದ ಮೇಲೆ ಕುಂಯ್ ಕುಂಯ್ ಎಂದು ಅಳುವುದು ಬೇರೆ. ಚನಿಯ ಇಂಗ್ಲಿಷ್ ಓದಿದವನಲ್ಲ. ಅಕ್ಷರದ ಆಕಾರ ನೋಡಿ ಗುರುತು ಇಟ್ಟುಕೊಂಡ. ಆದರೆ ಮಸಾಲೆಗೂ ಮೈಸೂರು ಮಸಾಲೆಗೂ ಮೊದಲ ಅಕ್ಷರ ಒಂದೇ. ಕೆಂಪು ಚಟ್ನಿ ಸವರಿದ ದೋಸೆ ಸಣ್ಣ ಮಕ್ಕಳ ಟೇಬಲಿಗೆ ಹೋಗಿ, ಮಕ್ಕಳು ಬಾಯಿ ಉರಿ ಎಂದು ಅತ್ತು, ತಾಯಂದಿರು ನನ್ನ ಹತ್ತಿರ ಜಗಳಕ್ಕೆ ಬಂದರು. ಹಿಟ್ಟಿನ ಕೈಯಲ್ಲಿ ಒತ್ತಿ ಒತ್ತಿ ಪರದೆ ಮಬ್ಬಾಯಿತು. ಕುಂಯ್ ಎನ್ನುವ ಸದ್ದು ಕೇಳಿದರೆ ಚನಿಯ ಹುಯ್ಯುತ್ತಿದ್ದ ದೋಸೆಯನ್ನು ಅರ್ಧಕ್ಕೆ ಬಿಟ್ಟು ಪರದೆಯ ಕಡೆ ತಿರುಗುವುದನ್ನು ನಾನೇ ಕಣ್ಣಾರೆ ಕಂಡೆ. ಸೆಖೆಯಲ್ಲಿ, ಮಳೆಯಲ್ಲಿ, ನನ್ನ ಗಂಡ ಸತ್ತ ದಿನಗಳಲ್ಲೂ ದೋಸೆಯನ್ನು ಅರ್ಧಕ್ಕೆ ಬಿಟ್ಟವನಲ್ಲ ಅವನು.

ತಿಂಗಳಿಗೊಮ್ಮೆ ಕಂಪನಿಯಿಂದ ಜಯೇಶನ ಮೊಬೈಲಿಗೆ ವರದಿ ಬರುತ್ತಿತ್ತು. ಪ್ರತಿ ಸಲವೂ ದೋಸೆ ವಿಭಾಗ ನಿಧಾನ ಎಂದೇ ಇರುತ್ತಿತ್ತು. ಒಂದು ಸೋಮವಾರ ಅದನ್ನು ನನ್ನ ಮುಖದ ಮುಂದೆ ಹಿಡಿದು, "ಮಮ್ಮಿ, ಚನಿಯ ಮಾಮಾ ಸೇ ಅಬ್ ನಹೀ ಹೋತಾ" ಎಂದ, ಮಾಮನ ಕೈಯಲ್ಲಿ ಇನ್ನು ಆಗುವುದಿಲ್ಲವಂತೆ. ಶಹಾಡಿನ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಮುರಾರಿ ಎಂಬವನಿದ್ದಾನೆ, ದೋಸೆ ಬರುತ್ತದೆ, ಇಂಗ್ಲಿಷ್ ಓದಲಿಕ್ಕೂ ಬರುತ್ತದೆ, ಮುಂದಿನ ಸೋಮವಾರದಿಂದ ಬರಲಿಕ್ಕೆ ಹೇಳಿದ್ದೇನೆ, ಮಾಮನನ್ನು ಹಿಂದೆ ತೆಂಗಿನಕಾಯಿ ತುರಿಯುವುದಕ್ಕೆ ಹಾಕುವ ಎಂದು ನಿರ್ಧಾರವನ್ನೇ ತಂದಿದ್ದ.

ಹಿಂದೆ ತೆಂಗಿನಕಾಯಿ ತುರಿಯುವುದಕ್ಕೆ! ಕಾವಲಿಯ ಎದುರಿನಿಂದ ಎಬ್ಬಿಸಿ ಹಿಂದೆ ಕೂರಿಸಿದರೆ ಆ ಮನುಷ್ಯ ನಿಲ್ಲುವುದಿಲ್ಲ. ಯಾರ ಮೇಲೂ ಬೇಸರ ತೋರಿಸದೆ, ಒಂದು ದಿನ ಬಟ್ಟೆಯ ಗಂಟು ಕಟ್ಟಿ ಹೊರಡುತ್ತಾನೆ. ನನಗದು ನನ್ನ ಹೆಸರಿನಷ್ಟು ಖಚಿತವಾಗಿ ಗೊತ್ತಿತ್ತು. ಅನ್ನ ಕೊಟ್ಟ ಕೈಯನ್ನು ಹೀಗೆ ಹೊರಗೆ ಹಾಕಿದ ಮೇಲೆ ನಾನು ಯಾವ ಮುಖ ಇಟ್ಟುಕೊಂಡು ದೇವರ ಮುಂದೆ ದೀಪ ಹಚ್ಚುವುದು?

ಕಂಪನಿಯ ಸರ್ವಿಸ್ ಮನುಷ್ಯ ವಸಂತಕುಮಾರ ಎಂಬವನನ್ನು ಕರೆಸಿದೆ. ಬೆಂಗಳೂರಿನವನು, ಮಾತು ಬೆಣ್ಣೆಯ ಹಾಗೆ. ಕಾಫಿ ಕೊಟ್ಟು ಕೇಳಿದೆ: ಈ ಪರದೆಯಲ್ಲಿ ಕನ್ನಡ ಬರುವ ಹಾಗೆ ಮಾಡಿಕೊಡು, ಬೇರೆ ಎಂತದ್ದೂ ಬೇಡ. ಆಗುವುದಿಲ್ಲವಂತೆ. ಕನ್ನಡ ಇವರ ಪಟ್ಟಿಯಲ್ಲಿ ಇಲ್ಲವಂತೆ, ಮೇಲಿನವರಿಗೆ ತಿಳಿಸುತ್ತಾನಂತೆ. ಹಾಗಾದರೆ ನನಗೆ ಗೊತ್ತಿರುವ ಯಾರಿಂದಾದರೂ ನಾನೇ ಮಾಡಿಸಿಕೊಳ್ಳುತ್ತೇನೆ, ಒಳಗೆ ಹೇಗಿದೆ ತೋರಿಸು ಎಂದೆ. ಅವನು ಕಪ್ಪು ಕೆಳಗಿಟ್ಟ.

"ಹಂಗೆಲ್ಲ ಆಗಲ್ಲ ಮೇಡಂ. ಡಬ್ಬ ನಿಮ್ದೇ, ಆದ್ರೆ ಅದ್ರೊಳಗಿರೋ ಸಿಸ್ಟಮ್ಮು ಕಂಪನೀದು. ನೀವು ಬಳಸ್ಬೋದು ಅಷ್ಟೇ, ಮುಟ್ಟೋ ಹಾಗಿಲ್ಲ."

ನನಗೆ ಪಿತ್ತ ನೆತ್ತಿಗೇರಿತು. "ಗ್ರೈಂಡರ್ ತಗೊಂಡಿದ್ದೇನೆ ಮಾರಾಯ. ಆ ಕಂಪನಿ ಬಂದು ಇಂಥ ಅಕ್ಕಿಯೇ ರುಬ್ಬು ಅಂತ ಹೇಳ್ತದಾ? ನನ್ನ ಕಾವಲಿಗೆ ನನ್ನ ಭಾಷೆ ಹಾಕ್ಲಿಕ್ಕೆ ನಿನ್ನ ಕಂಪನಿಯ ಅಪ್ಪಣೆ ಎಂತಕ್ಕೆ?" ಎಂದೆ. ಗಿರಾಕಿಗಳೆಲ್ಲ ತಿರುಗಿ ನೋಡಿದರು. ನೋಡಲಿ. ಅವನು ನಗುಮುಖದಲ್ಲೇ ಎದ್ದು ಹೋದ. ಕಾಫಿಯನ್ನು ಮಾತ್ರ ಪೂರ್ತಿ ಕುಡಿದಿದ್ದ.

ಕೌಂಟರಿನ ಪಕ್ಕದ ಟೇಬಲಿನಲ್ಲಿ ಗಗನಾ ಇಡ್ಲಿ ತಿನ್ನುತ್ತ ಇದನ್ನೆಲ್ಲ ಕೇಳುತ್ತಿದ್ದಳು. ಮೈಸೂರಿನ ಹುಡುಗಿ, ಖಾರಘರದಲ್ಲಿ ಗೆಳತಿಯರ ಜೊತೆ ಇದ್ದಾಳೆ. ದಿನಾ ಬೆಳಿಗ್ಗೆ ಹಾರ್ಬರ್ ಲೈನಿನ ಟ್ರೇನಿನಲ್ಲಿ ಬಂದು, ನಮ್ಮಲ್ಲಿ ತಿಂಡಿ ತಿಂದು, ಇಲ್ಲೇ ಹತ್ತಿರದ ಕಂಪ್ಯೂಟರ್ ಆಫೀಸಿಗೆ ಹೋಗುವವಳು. ನೀವು ಕರಾವಳಿಯವರು ಸಾಂಬಾರಿಗೆ ಬೆಲ್ಲ ಸುರಿಯುತ್ತೀರಿ ಎಂದು ನನ್ನೊಡನೆ ಜಗಳವಾಡುತ್ತಲೇ ಎರಡನೇ ಸಲ ಹಾಕಿಸಿಕೊಳ್ಳುತ್ತಾಳೆ. ಕೈ ತೊಳೆದು ಬಂದು ಕೌಂಟರಿಗೆ ಒರಗಿ ನಿಂತಳು.

"ಆಂಟಿ, ಬೀಗ ಇಲ್ದೇ ಇರೋ ಸಿಸ್ಟಮ್ಮೂ ಇದೆ. ಒಳಗೇನಿದೆ ಅಂತ ಯಾರು ಬೇಕಾದ್ರೂ ನೋಡ್ಬೋದು, ತಮಗೆ ಬೇಕಾದ ಹಾಗೆ ಬದ್ಲಾಯಿಸ್ಕೋಬೋದು, ಇನ್ನೊಬ್ರಿಗೆ ಕೊಡ್ಬೋದು. ಲಿನಕ್ಸ್ ಅಂತ."

ಬೆಲೆ ಎಷ್ಟು ಎಂದೆ. ಏನೂ ಇಲ್ಲ ಎಂದಳು. ಅಲ್ಲಿಗೆ ನನಗೆ ಸಂಶಯ ಬಂತು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಜಾಯಮಾನ ನನ್ನದಲ್ಲ. ಪುಕ್ಕಟೆ ಕೊಡುವವನು ಯಾವತ್ತೂ ಹಿಂದಿನ ಬಾಗಿಲಿನಿಂದ ಬಂದು ವಸೂಲಿ ಮಾಡುತ್ತಾನೆ ಎಂದು ಹೇಳಿಯೇ ಬಿಟ್ಟೆ. ಅವಳಿಗೆ ಸಿಟ್ಟು ಬರಲಿಲ್ಲ. ಪುಕ್ಕಟೆ ಎನ್ನುವುದು ಮುಖ್ಯವಲ್ಲ, ನಿಮ್ಮ ಯಂತ್ರಕ್ಕೆ ನೀವೇ ಯಜಮಾನರು, ಅದು ಮುಖ್ಯ ಎಂದಳು. ಲೋಕದ ಮೂಲೆಮೂಲೆಯ ಜನ ಕೂಡಿ ಮಾಡಿದ್ದಂತೆ, ಕೆಲವರು ಸಂಬಳಕ್ಕೆ, ಕೆಲವರು ಬರೇ ಪ್ರೀತಿಗೆ. ಒಬ್ಬನಿಗೆ ತಪ್ಪು ಕಂಡರೆ ಸರಿಮಾಡಿ ವಾಪಸು ಇಡುತ್ತಾನೆ, ಎಲ್ಲರಿಗೂ ಸಿಗುತ್ತದೆ. ಒಂದೇ ಕಟ್ಟಳೆ: ನೀನು ಬದಲಾಯಿಸಿದ್ದನ್ನು ಇನ್ನೊಬ್ಬರಿಗೆ ಕೊಡುವಾಗ ಅದರ ಒಳಗುಟ್ಟನ್ನೂ ಮುಚ್ಚಿಡದೆ ಕೊಡಬೇಕು.

ಇದು ಹೆಪ್ಪಿನ ಹಾಗೆ ಎಂದು ನನಗೆ ಆಗ ತಲೆಗೆ ಹೋಯಿತು. ಪಕ್ಕದ ಮನೆಯವರು ಹೆಪ್ಪಿಗೆ ಮೊಸರು ಕೇಳಿದರೆ ಇಲ್ಲ ಎನ್ನುವುದುಂಟೇ? ಒಂದು ಚಮಚ ಕೊಟ್ಟರೆ ಅವರ ಮನೆಯಲ್ಲಿ ಪಾತ್ರೆ ತುಂಬ ಮೊಸರಾಗುತ್ತದೆ, ನನ್ನದು ಕಡಿಮೆಯಾಗುವುದಿಲ್ಲ. ನಾಳೆ ನನ್ನದು ಕೆಟ್ಟರೆ ಅವರಿಂದಲೇ ತಂದೇನು. ನಿಜ ಹೇಳಬೇಕೆಂದರೆ ನಮ್ಮ ಸಾಂಬಾರ್ ಪುಡಿಯ ಅಳತೆಯನ್ನು ನಾನು ನನ್ನ ನಾದಿನಿಗೂ ಹೇಳಿದವಳಲ್ಲ, ಮುಂದೆಯೂ ಹೇಳುವುದಿಲ್ಲ. ಆದರೆ ಸಾಂಬಾರ್ ಕೊಂಡವನಿಗೆ ನಾನು ಉಪ್ಪು ಹಾಕಿಕೊಳ್ಳಬೇಡ, ನಿಂಬೆಹುಳಿ ಹಿಂಡಬೇಡ ಎಂದೂ ಹೇಳುವುದಿಲ್ಲವಲ್ಲ.

ಜಯೇಶನ ಹತ್ತಿರ ಆ ದಿನವೇ ಜಗಳವಾಡಿದೆ. ಅವನು ಹಿಂದಿಯಲ್ಲಿ, ನಾನು ತುಳುವಿನಲ್ಲಿ. ವ್ಯಾಪಾರದಲ್ಲಿ ಕರುಳಿನ ಮಾತು ನಡೆಯುವುದಿಲ್ಲ ಎಂದ. ನಿನ್ನ ಅಪ್ಪನ ಕಾಲದಿಂದ ಈ ವ್ಯಾಪಾರ ಕರುಳಿನಿಂದಲೇ ನಡೆದದ್ದು ಎಂದೆ. ಕೊನೆಗೆ ಅವನೇ ಒಂದು ಕರಾರಿಗೆ ಬಂದ. ಬರುವ ಭಾನುವಾರ ಒಂದು ದಿನ ಗಗನಾಳ ಸಿಸ್ಟಂ ಹಾಕುವುದು. ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಎಂದರೆ ಜಾತ್ರೆ. ಅದರಲ್ಲಿ ಚನಿಯ ಮಾಮ ಗೆದ್ದರೆ ಕಾವಲಿ ಅವರದ್ದೇ. ಸೋತರೆ ಸೋಮವಾರದಿಂದ ಮುರಾರಿ, ನಾನು ಬಾಯಿ ತೆರೆಯಬಾರದು. ಅವನು ನೋಡಲಿ ಎಂದು ಮುರಾರಿಗೂ ಭಾನುವಾರವೇ ಬರಲಿಕ್ಕೆ ಹೇಳುತ್ತೇನೆ ಎಂದ. ಆಯಿತು ಎಂದೆ.

ಶನಿವಾರ ಗಗನಾಳಿಗೆ ರಜೆ. ಬೆಳಿಗ್ಗೆಯೇ ಬಂದು ಕಂಪನಿಯ ಡಬ್ಬಿಯನ್ನು ಆಚೆ ಈಚೆ ತಿರುಗಿಸಿ ನೋಡಿದಳು. ಆನ್ ಮಾಡಿದ ಕೂಡಲೇ ಕಂಪನಿಯ ಸಿಸ್ಟಮ್ಮಿಗೆ ಬಿಟ್ಟು ಬೇರೆ ಯಾವುದಕ್ಕೂ ಬಾಗಿಲು ತೆರೆಯದಂತೆ ಅದಕ್ಕೆ ಒಳಗಿನಿಂದಲೇ ಬೀಗ. ಕೊಂಡವಳು ನಾನು, ಬೀಗದ ಕೈ ಅವರ ಹತ್ತಿರ! ಇದಕ್ಕಿಂತ ನಾಚಿಕೆಗೇಡು ಉಂಟೇ? ನಮ್ಮ ಮನೆಯ ಅಟ್ಟದ ಮೇಲೆ ಜಯೇಶ್ ಕಾಲೇಜಿನಲ್ಲಿದ್ದಾಗ ತೆಗೆಸಿಕೊಂಡಿದ್ದ ಕಂಪ್ಯೂಟರ್ ಇತ್ತು. ಇದು ಹಳತು, ಹೊಸ ಆವೃತ್ತಿ ಇದರಲ್ಲಿ ಹಿಡಿಸುವುದಿಲ್ಲ, ಬೇರೆ ಕೊಳ್ಳಿ ಎಂದು ಅದರ ಸಿಸ್ಟಮ್ಮೇ ಬರೆದು ತೋರಿಸಿದ್ದರಿಂದ ಗುಜರಿಯ ಭಂಗಾರ್‌ವಾಲಾನಿಗೆ ಹಾಕಬೇಕೆಂದು ಇಟ್ಟದ್ದು. ಅದನ್ನೇ ತರಿಸಿದೆ. ಗಗನಾ ಧೂಳು ಕೊಡವಿ, ಬೆರಳಿನಷ್ಟು ದೊಡ್ಡ ಪೆನ್‌ಡ್ರೈವ್ ಒಂದನ್ನು ಚುಚ್ಚಿ ಕೂತಳು. ನಾನು ಗಲ್ಲಾದ ಮೇಲಿನ ಗಣಪತಿಗೆ ಒಂದು ಹೂವು ಹೆಚ್ಚಿಗೆ ಇಟ್ಟೆ.

ಅದು ಎದ್ದಿತು! ಸತ್ತಿದೆ ಎಂದುಕೊಂಡ ಕಂಪ್ಯೂಟರ್ ಎದ್ದು ಕೂತು, ಕನ್ನಡದಲ್ಲಿ ಸ್ವಾಗತ ಎಂದು ಬರೆಯಿತು. ಇದನ್ನು ನೀನು ಬರೆದದ್ದಾ ಎಂದು ಗಗನಾಳನ್ನು ಕೇಳಿದೆ. ಅಲ್ಲವಂತೆ. ಯಾರೋ ಕನ್ನಡದವರು, ಹೆಸರು ಊರು ಅವಳಿಗೂ ಗೊತ್ತಿಲ್ಲ, ಬಿಡುವಿನ ವೇಳೆಯಲ್ಲಿ ಕೂತು ಒಂದೊಂದೇ ಪದ ಕನ್ನಡ ಮಾಡಿ ಇಟ್ಟು ಹೋಗಿದ್ದಾರಂತೆ, ಯಾರಿಗಾದರೂ ಬೇಕಾದೀತು ಎಂದು. ಎಲ್ಲಿದ್ದರೂ ಆ ಪುಣ್ಯಾತ್ಮರ ಹೊಟ್ಟೆ ತಣ್ಣಗಿರಲಿ.

ಹೋಟೆಲಿನ ಆರ್ಡರು ತೆಗೆದುಕೊಳ್ಳುವ ಪ್ರೋಗ್ರಾಮೂ ಹಾಗೆಯೇ ಹಂಚಿ ತಿನ್ನುವ ಜಾತಿಯದೊಂದು ಸಿಕ್ಕಿತು. ನಾನು ತಿಂಡಿಗಳ ಹೆಸರು ಹೇಳುತ್ತ ಹೋದೆ, ಅವಳು ಕನ್ನಡದಲ್ಲಿ ಹೊಡೆಯುತ್ತ ಹೋದಳು. ಅಡುಗೆಮನೆಯ ಪರದೆ ಬರೇ ಪರದೆ, ಅದಕ್ಕೆ ಬೀಗ ಇರಲಿಲ್ಲ, ಹಳೆಯ ಕಂಪ್ಯೂಟರಿನ ವಯರನ್ನು ಅದಕ್ಕೆ ಸಿಕ್ಕಿಸಿದಳು. ಒತ್ತುವುದಕ್ಕೆ ಒಂದು ಸಣ್ಣ ಕೀಬೋರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಳು, ಎಷ್ಟು ಹಿಟ್ಟು ಮೆತ್ತಿದರೂ ಅಡ್ಡಿಯಿಲ್ಲ. ಚನಿಯ ಕೈ ಒರೆಸಿಕೊಂಡು ಬಂದು ಪರದೆಯ ಕೆಳಗೆ ನಿಂತು, ಶಾಲೆಯ ಮಕ್ಕಳ ಹಾಗೆ ದೊಡ್ಡಕ್ಕೆ ಓದಿದ. ಮಸಾಲೆ ದೋಸೆ. ಮೈಸೂರು ಮಸಾಲೆ. ಉತ್ತಪ್ಪ. ಓದಿ ನನ್ನ ಕಡೆ ತಿರುಗಿ ನಕ್ಕ. ಎಷ್ಟು ದಿನವಾಗಿತ್ತು ಆ ನಗು ನೋಡದೆ!

ಗೆದ್ದೆವು ಎಂದುಕೊಂಡೆ. ಎಲ್ಲಿ ಗೆಲ್ಲುವುದು? ನಾಳೆಗೆ ಮೊದಲು ಒಮ್ಮೆ ಪರೀಕ್ಷಿಸಿ ನೋಡುವ ಎಂದು ಸಂಜೆಯ ತಿಂಡಿಯ ಹೊತ್ತಿಗೇ ಶುರುಮಾಡಿದೆವು, ಗಿರಾಕಿಗಳು ಬಂದರು, ಪರದೆ ಕನ್ನಡದಲ್ಲೇ ಕೆಂಪಾಗತೊಡಗಿತು. ಓದುವುದರಲ್ಲಿ ತಪ್ಪಿಲ್ಲ, ತಿಂಡಿಯಲ್ಲಿ ತಪ್ಪಿಲ್ಲ, ಆದರೂ ಟೇಬಲುಗಳು ಕಾಯುತ್ತಿವೆ. ಜಯೇಶ್ ಕೌಂಟರಿಗೆ ಬಂದು ಕಾಯುವ ಟೇಬಲುಗಳನ್ನು ನನಗೆ ಬೆರಳು ಮಾಡಿ ತೋರಿಸಿದ. ಎದ್ದು ಒಳಗೆ ಹೋಗಿ ಚನಿಯನ ಬೆನ್ನ ಹಿಂದೆ ನಿಂತೆ. ಆರು ದೋಸೆ ಹಿಡಿಯುವ ಕಾವಲಿ, ನಡುವಿನಲ್ಲಿ ಒಂದೇ ಒಂದು ದೋಸೆ ಬೇಯುತ್ತಿದೆ.

ಇಷ್ಟು ದೊಡ್ಡ ಕಾವಲಿಯಲ್ಲಿ ಒಂದೇ ಎಂತಕ್ಕೆ ಹುಯ್ದದ್ದು ಎಂದು ಗದರಿದೆ.

"ಮೇಲೆ ಒಂದೇ ಉಂಟಲ್ಲ ಅಕ್ಕ. ಅದು ಮುಗಿಯದೆ ಮುಂದಿನದು ಮುಟ್ಟಬಾರದು ಅಂತ ಕಂಪನಿಯವರು ಹೇಳಿದ್ದು."

ನನ್ನ ಕಣ್ಣು ಆಗ ತೆರೆಯಿತು. ಪರದೆ ಬರುವ ಮೊದಲು ಸಪ್ಲಾಯರ್‌ಗಳು ಮೂರು ಕಡೆಯಿಂದ ಕೂಗುತ್ತಿದ್ದರು, ಇವನು ತಲೆ ಎತ್ತದೆ ಎಲ್ಲವನ್ನೂ ಕಿವಿಯಲ್ಲಿ ತುಂಬಿಸಿಕೊಳ್ಳುತ್ತಿದ್ದ. ಆ ಟೇಬಲಿನ ಎರಡು ಮಸಾಲೆ, ಈ ಟೇಬಲಿನ ಮೂರು, ಪಾರ್ಸೆಲಿನ ಒಂದು, ಎಲ್ಲ ಸೇರಿಸಿ ಆರನ್ನೂ ಒಟ್ಟಿಗೆ ಹುಯ್ಯುವುದು, ಕಾವಲಿ ತುಂಬ ಒಂದೇ ಹುಯ್ಲು. ಆಮೇಲೆ ಸಾದಾ ಒಂದು ಹುಯ್ಲು. ರವೆಗೆ ಕಾವು ಹೆಚ್ಚು ಬೇಕು, ಅದು ಬೇರೆ. ಉತ್ತಪ್ಪ ಮೂಲೆಯಲ್ಲಿ ನಿಧಾನಕ್ಕೆ. ಟೇಬಲಿನ ಸರದಿ ಬೇರೆ, ಕಾವಲಿಯ ಸರದಿ ಬೇರೆ. ಕಂಪನಿಯ ಪರದೆ ಈ ಮನುಷ್ಯನನ್ನು ಟೇಬಲಿನ ಸರದಿಗೆ ಕಟ್ಟಿಹಾಕಿ, ಆಮೇಲೆ ನಿಧಾನ ಎಂದು ಬೈಯುತ್ತಿತ್ತು. ಗಗನಾ ತಂದದ್ದೂ ಅದೇ ಸರದಿಯದು.

ಗಗನಾಳನ್ನು ಒಳಗೆ ಕರೆದು, ಕಾವಲಿಯ ಮುಂದೆ ನಿಲ್ಲಿಸಿ ಇದನ್ನು ಹೇಳಿದೆ. ಹೇಳುವಾಗಲೇ ಭಯ, ಇವಳೂ ವಸಂತಕುಮಾರನ ಹಾಗೆ ಮೇಲಿನವರಿಗೆ ತಿಳಿಸುತ್ತೇನೆ ಎಂದರೆ? ಅವಳು ಹಣೆ ಬಡಿದುಕೊಂಡಳು. "ಅಯ್ಯೋ, ನಾನು ಇದನ್ನ ಕೇಳಲೇ ಇಲ್ವಲ್ಲ! ಬದ್ಲಾಯಿಸೋಣ ಆಂಟಿ, ಒಳಗಿಂದೆಲ್ಲಾ ತೆರೆದೇ ಇದ್ಯಲ್ಲ" ಎಂದಳು. ಗಿರಾಕಿಗಳು ಕರಗಿದ ಮೇಲೆ ಫ್ಯಾಮಿಲಿ ರೂಮಿನಲ್ಲಿ ಚನಿಯನನ್ನು ಎದುರಿಗೆ ಕೂರಿಸಿಕೊಂಡು ಒಂದೊಂದಾಗಿ ಕೇಳಿದಳು: ಯಾವುದರ ಜೊತೆ ಯಾವುದು ಬೇಯುತ್ತದೆ, ಯಾವುದು ಕಾಯಬಹುದು, ಯಾವುದು ಕಾದರೆ ಕೆಡುತ್ತದೆ. ಇಷ್ಟು ತಿಂಗಳಲ್ಲಿ ಆ ಕಂಪನಿ ಅವನಿಗೆ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಅವಳು ಮುಗಿಸಿ ಖಾರಘರದ ಟ್ರೇನಿಗೆ ಓಡುವಾಗ ಪರದೆ ಕಾವಲಿಯ ಭಾಷೆ ಕಲಿತಿತ್ತು. ಅಷ್ಟರಲ್ಲಿ ವಸಂತಕುಮಾರನ ಫೋನು. ನಿಮ್ಮ ಡಬ್ಬ ಬಂದ್ ತೋರಿಸುತ್ತಿದೆ, ವಾಪಸು ಹಾಕದಿದ್ದರೆ ಗ್ಯಾರಂಟಿ ಹೋಗುತ್ತದೆ ಎಂದ. ನಿನ್ನ ಗ್ಯಾರಂಟಿಗೆ ಉಪ್ಪಿನಕಾಯಿ ಹಚ್ಚಿಕೊಂಡು ತಿನ್ನು ಎಂದು ಫೋನಿಟ್ಟೆ.

ಭಾನುವಾರ. ಮುರಾರಿ ಶಟರು ತೆರೆಯುವ ಹೊತ್ತಿಗೇ ಶಹಾಡಿನಿಂದ ಬಂದು, ತನ್ನ ಏಪ್ರನ್ ಮಡಚಿ ಕಂಕುಳಲ್ಲಿಟ್ಟುಕೊಂಡು ಮೂಲೆಯಲ್ಲಿ ನಿಂತ. ಪಾಪ, ಮರ್ಯಾದಸ್ಥ. ಅವನದೇನು ತಪ್ಪು? ಚಾ ಕೊಟ್ಟೆ, ಸಕ್ಕರೆ ಬೇಕಾ ಎಂದು ಮಾತ್ರ ಕೇಳಲಿಲ್ಲ. ಗಗನಾ ಲ್ಯಾಪ್‌ಟಾಪ್ ತೆಗೆದುಕೊಂಡು ಕೌಂಟರಿನಲ್ಲಿ ನನ್ನ ಪಕ್ಕ ಕೂತಳು.

ವಾಕಿಂಗಿನವರು ಬಂದರು, ಅಜ್ಜಿ ಮೊಮ್ಮಕ್ಕಳು ಸಮೇತ ಮನೆಮಂದಿ ಬಂದರು, ಹೊರಗೆ ಹೆಸರು ಬರೆಸಿ ಕಾಯುವವರ ಸಾಲು ಫುಟ್‌ಪಾತಿಗೆ ಇಳಿಯಿತು. ಪರದೆಯಲ್ಲಿ ದೊಡ್ಡ ಅಕ್ಷರದಲ್ಲಿ ಬಂತು, ಮಸಾಲೆ ಆರು. ಕೆಳಗೆ ಸಣ್ಣದಾಗಿ ಯಾವ ಯಾವ ಟೇಬಲು ಎಂದು. ಚನಿಯ ನೀರು ಚಿಮುಕಿಸಿದ, ಕಾವಲಿ ಚುಂಯ್ ಎಂದಿತು, ಪೊರಕೆಯಿಂದ ಒರೆಸಿ ಹುಯ್ದ. ಒಂದರ ಪಕ್ಕ ಒಂದು, ಆರೂ ದುಂಡಗೆ. ಎಬ್ಬಿಸಿ, ಮಡಚಿ, ತಟ್ಟೆಗೆ ಹಾಕಿ, ಮೊಣಕೈಯಿಂದ ಕೀ ಒತ್ತಿದ. ಸಾದಾ ನಾಲ್ಕು. ಮತ್ತೆ ಮಸಾಲೆ ಆರು. ನನ್ನ ಚನಿಯ ವಾಪಸು ಬಂದಿದ್ದ. ಮೇಲಿನ ಸಾಲುಗಳಲ್ಲಿ ಹಳದಿ ಕೂಡ ಕಾಣಲಿಲ್ಲ. ಬಿಲ್ಲು ಮಾಡುವುದು ಬಿಟ್ಟು ನಾನು ಬಾಗಿಲಿನಿಂದ ಅವನ ಕೈಯನ್ನೇ ನೋಡುತ್ತ ನಿಂತುಬಿಟ್ಟೆ.

ಆಗಲೇ ಮೂಲೆಯ ಟೇಬಲಿನಿಂದ ಹಯಗ್ರೀವ ರಾಯರು ಕೋಲು ಬಡಿದರು. ಪ್ರತಿ ಭಾನುವಾರ ಬಂದು ಒಂದು ರವೆ ದೋಸೆ ತಿನ್ನುವ ನಿವೃತ್ತ ಬ್ಯಾಂಕಿನವರು. ನನ್ನ ನಂತರ ಬಂದ ಮೂರು ಸಂಸಾರ ತಿಂದು ಎದ್ದು ಹೋಯಿತು, ನನ್ನ ದೋಸೆ ಎಲ್ಲಿ ಎಂದು ಕೇಳಿದರು. ಪರದೆ ನೋಡಿದರೆ ರವೆ ಒಂದು ಎಂದು ಕೆಂಪಾಗಿ ತೀರಾ ಕೆಳಗೆ, ಕಣ್ಣಿಗೆ ಬೀಳದ ಹಾಗೆ ಕೂತಿದೆ. ಬೇರೆ ಯಾರೂ ರವೆ ಕೇಳಿರಲಿಲ್ಲ. ಹುಯ್ಲು ದೊಡ್ಡದಾದದ್ದು ಮೇಲೆ ಬರಲಿ ಎಂದು ಹೇಳಿಕೊಟ್ಟವಳು ನಾನೇ, ಒಂಟಿ ಗಿರಾಕಿಯ ಗತಿ ಏನು ಎಂದು ಯೋಚಿಸಲಿಲ್ಲ. ಹಿಂದೆ ಚನಿಯ ಕಿವಿಯಿಂದ ಕೇಳುತ್ತಿದ್ದಾಗ ರಾಯರ ಸ್ವರ ಕೇಳಿದರೆ ಸಾಕು, ರವೆ ಹುಯ್ಯುತ್ತಿದ್ದ. ಜಯೇಶ್ ಒಳಗೆ ಬಂದ. ಮುರಾರಿ ಏಪ್ರನ್ನಿನ ಮಡಿಕೆ ಬಿಚ್ಚಿದ. ಚನಿಯ ಪರದೆಯನ್ನೂ ನನ್ನನ್ನೂ ನೋಡಿದ. ಅವನ ಕಣ್ಣಿನಲ್ಲಿ ಆ ಹಳೆಯ ಭಯ ಮತ್ತೆ ಬಂದಿತ್ತು.

"ಗಗನಾ!" ಎಂದು ಕೂಗಿದೆ. ಇಡೀ ಹೋಟೆಲಿಗೆ ಕೇಳಿಸಿತು.

ಅವಳು ಆಗಲೇ ಲ್ಯಾಪ್‌ಟಾಪ್ ತೆರೆದಿದ್ದಳು. ಬಡೀಸೋಪಿನ ಬಟ್ಟಲನ್ನು ಆಚೆ ಸರಿಸಿ ಏನೋ ಹುಡುಕಿದಳು, ಏನೋ ಹೊಡೆದಳು. ಬಹಳ ಹೊತ್ತು ಕಾದದ್ದು ಒಂದೇ ಇದ್ದರೂ ಮೇಲೆ ಬರಬೇಕು, ಸರಿಯಾ ಎಂದು ಕೇಳಿದಳು. ಸರಿ ಎಂದೆ. ನಾನು ಎರಡು ಬಿಲ್ಲು ಹರಿಯುವಷ್ಟರಲ್ಲಿ ಅಡುಗೆಮನೆಯ ಪರದೆಯ ನೆತ್ತಿಯ ಮೇಲೆ ಬಂತು, ರವೆ ಒಂದು. ಚನಿಯ ಕಾವು ಏರಿಸಿ ಮೂಲೆಯಲ್ಲಿ ಎರಚಿದ, ಉಳಿದ ಜಾಗದಲ್ಲಿ ಮಸಾಲೆ ಹುಯ್ದ. ದೋಸೆಯನ್ನು ರಾಯರಿಗೆ ನಾನೇ ಒಯ್ದು ಕೊಟ್ಟೆ. ಮುರಿದು ಬಾಯಿಗಿಟ್ಟು, ಗರಿಗರಿ ಉಂಟು ಎಂದರು. ಅವರಿಂದ ಅದು ದೊಡ್ಡ ಸರ್ಟಿಫಿಕೇಟ್.

ಜಯೇಶ್ ಈಗ ಕೌಂಟರಿನ ಹತ್ತಿರ ಬಂದು ನಿಂತಿದ್ದ. ಕಂಪನಿಗೆ ಅವನೇ ಎಷ್ಟು ದೂರು ಕೊಟ್ಟಿದ್ದ, ನಿಮ್ಮ ದೂರು ನಮಗೆ ಅಮೂಲ್ಯ ಎಂಬ ಉತ್ತರ ಎಷ್ಟು ಬಂದಿತ್ತು ಎಂದು ಅವನಿಗೆ ಗೊತ್ತು. ತಪ್ಪು ನಮ್ಮಲ್ಲೂ ಆಯಿತು. ಆದರೆ ತಪ್ಪು ನಮ್ಮದು, ತಿದ್ದುವ ಕೈಯೂ ನಮ್ಮದು. ಗಗನಾಳ ಲ್ಯಾಪ್‌ಟಾಪನ್ನೇ ನೋಡುತ್ತ ನಿಂತವನು ಒಂದು ಪ್ರಶ್ನೆ ಕೇಳಿದ: ಇದರಲ್ಲಿ ಅರ್ಧ ಪರದೆ ಹಿಂದಿಯಲ್ಲಿ ಆಗುತ್ತದೆಯಾ?

ಆಗುತ್ತದೆ ಎಂದಳು.

ಪರದೆ ಬಂದ ಮೇಲೆ ವಾರದ ದಿನಗಳಲ್ಲಿ ಗಿರಾಕಿ ಕಾಯಲಾರದೆ ಹೋಗಿ ಹೋಗಿ, ನಿಲ್ಲುವವನೂ ಇಲ್ಲದೆ ನಮ್ಮ ಎರಡನೇ ಕಾವಲಿ ತಣ್ಣಗೆ ಬಿದ್ದಿತ್ತು. ಜಯೇಶ್ ತಾನೇ ಅದಕ್ಕೆ ಬೆಂಕಿ ಹಚ್ಚಿದ. ಮುರಾರಿಗೆ ಕಣ್ಣಿನಲ್ಲೇ ಬಾ ಎಂದ. ಎಡಗಡೆ ಕನ್ನಡ, ಬಲಗಡೆ ಹಿಂದಿ, ಒಂದೇ ಪರದೆ. ಆಮೇಲೆ ಹಿಂದಿಯಲ್ಲೇ, ಆದರೆ ಇಡೀ ಅಡುಗೆಮನೆಗೆ ಕೇಳುವಂತೆ, "ಮುರಾರಿ, ಜೈಸಾ ಚನಿಯ ಮಾಮಾ ಬೋಲೇಂಗೇ ವೈಸಾ ಕರ್ನಾ" ಎಂದ. ಮಾಮ ಹೇಳಿದ ಹಾಗೆ ಮಾಡು! ನನಗೆ ಕುಣಿಯಬೇಕು ಎನ್ನಿಸಿತು. ಮೊಣಕಾಲು ನೋವು ಇಲ್ಲದಿದ್ದರೆ ಕುಣಿದೇ ಬಿಡುತ್ತಿದ್ದೆ. ಎರಡು ಕಾವಲಿಗಳೂ ಒಟ್ಟಿಗೆ ಚುಂಯ್ ಎಂದವು, ಫುಟ್‌ಪಾತಿನ ಸಾಲು ಕರಗುತ್ತ ಬಂತು, ಬ್ಯಾಟರಿ ಹಾಕಿದ ಹಾಗೆ ಸಪ್ಲಾಯರ್‌ಗಳು ಓಡಿದರು. ಉತ್ಸಾಹ ತಡೆಯಲಾರದೆ ಅವರು ಮೊದಲಿನ ಹಾಗೆ ಕೂಗಲಿಕ್ಕೂ ಶುರುಮಾಡಿದರು. ಯಾರೂ ಬೇಡ ಎನ್ನಲಿಲ್ಲ.

ಊಟದ ಹೊತ್ತಿಗಿಂತ ಮುಂಚೆ ಒಂದು ಬಿಡುವು ಸಿಕ್ಕಿತು. ಜಯೇಶ್ ಕಂಪನಿಯ ಡಬ್ಬಿಯನ್ನು ರಟ್ಟಿನ ಖೋಕಾದಲ್ಲಿ ತುಂಬಿ ಬಾಗಿಲ ಹತ್ತಿರ ಇಟ್ಟ, ಕೊಂಡದ್ದಾದರೂ ಇನ್ನು ಬೇಡವೆಂದು ನಾಳೆ ವಸಂತಕುಮಾರನನ್ನು ಕರೆದು ವಾಪಸು ಕಳಿಸುತ್ತಾನಂತೆ. ಕಲ್ಯಾಣದಲ್ಲಿ ಹೋಟೆಲಿರುವ ಅವನ ಗೆಳೆಯನಿಗೂ ಈ ಸಿಸ್ಟಂ ಬೇಕಂತೆ, ಕೊಡಬಹುದಾ ಎಂದು ನನ್ನನ್ನು ಕೇಳಿದ. ಕೊಡು, ಕಾವಲಿಯ ಸರದಿಯ ಸಮೇತ ಕೊಡು, ಏನನ್ನೂ ಮುಚ್ಚಿಡಬೇಡ ಎಂದೆ. ಗಗನಾಳಿಗೆ ತಟ್ಟೆ ತುಂಬ ತಿಂಡಿ ಹಾಕಿಸಿದೆ. ಸಾಂಬಾರಿನ ಬೆಲ್ಲದ ಬಗ್ಗೆ ಅವಳು ಆವತ್ತು ಒಂದು ಮಾತೂ ಆಡಲಿಲ್ಲ.

ಆಗ ಚನಿಯ ಹೊರಗೆ ಬಂದ. ಮುಖ ತೊಳೆದುಕೊಂಡಿದ್ದ. ಗಿರಾಕಿಗಳು ನಿಲ್ಲುವ ಕಡೆ, ಕೌಂಟರಿನ ಎದುರಿಗೆ ಬಂದು ನಿಂತ.

"ಅಕ್ಕ, ನಾಳೆ ನನಗೆ ರಜೆ ಬೇಕು."

ಇಷ್ಟೆಲ್ಲ ಆದ ಮೇಲೆ ಇವನು ಹೊರಡುತ್ತಿದ್ದಾನಾ? ಹುಷಾರಿಲ್ಲವಾ, ಊರಿನಿಂದ ಫೋನು ಬಂತಾ, ಯಾರಾದರೂ ಏನಾದರೂ ಹೇಳಿದರಾ ಎಂದು ಒಂದೇ ಉಸಿರಿಗೆ ಕೇಳಿದೆ. ಅವನು ಇಲ್ಲ ಎಂದು ತಲೆಯಾಡಿಸಿದ.

"ಎಂತದ್ದೂ ಇಲ್ಲ ಅಕ್ಕ. ಸುಮ್ಮನೆ. ಮಲಗ್ತೇನೆ."

ಆಮೇಲೆ ತಾನಾಗಿಯೇ ಹೇಳಿದ. ಆ ಕೆಂಪಾಗುವ ಪರದೆ ಬಂದ ಮೇಲೆ ಜ್ವರ ಬಂದರೂ ರಜೆ ಕೇಳಿರಲಿಲ್ಲವಂತೆ. ಒಂದು ದಿನ ಬಿಟ್ಟರೆ ಆ ಜಾಗದಲ್ಲಿ ಬೇರೆಯವನು ನಿಂತಿರುತ್ತಾನೆ ಎಂಬ ಭಯ. ಎಷ್ಟೋ ದಿನ ಮಾತ್ರೆ ನುಂಗಿ ಕಾವಲಿಯ ಮುಂದೆ ನಿಂತಿದ್ದನಂತೆ. ಕೌಂಟರಿನಲ್ಲಿ ಕೂತ ನನಗೆ ಇದು ಗೊತ್ತೇ ಆಗಿರಲಿಲ್ಲ.

"ಈಗ ಹೋದ್ರೂ ಜಾಗ ಇರ್ತದೆ ಅಲ್ವಾ ಅಕ್ಕ" ಎಂದ. ಅದು ಪ್ರಶ್ನೆಯಾಗಿರಲಿಲ್ಲ.

ನನಗೆ ಅಳು ತಡೆಯಲಿಲ್ಲ. ಗಿರಾಕಿಗಳ ಮುಂದೆಯೇ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಎರಡು ದಿನ ತಗೋ ಮಾರಾಯ, ಮೂರು ದಿನ ತಗೋ ಎಂದೆ. ಬೇಡ, ಒಂದೇ ಸಾಕು, ಹೆಚ್ಚು ಬಿಟ್ಟರೆ ಮುರಾರಿ ಕಾವಲಿಗೆ ಎಣ್ಣೆ ಜಾಸ್ತಿ ಮಾಡಿಯಾನು ಎಂದ. ಒಳಗಿದ್ದ ಮುರಾರಿಯನ್ನು ಕರೆದು, ನಾಳೆ ಎಡಗಡೆಯ ಕಾವಲಿಯೂ ನಿನ್ನದೇ, ಪರದೆಯನ್ನು ಪೂರ್ತಿ ಹಿಂದಿ ಮಾಡಿಸಿಕೋ, ಮಂಗಳವಾರ ನಾನು ಬರುವಾಗ ಕನ್ನಡ ಇರಬೇಕು ಎಂದು ತನಗೆ ಬರುವ ಹಿಂದಿಯಲ್ಲಿ ಗಟ್ಟಿಯಾಗಿ ಹೇಳಿದ. ಮುರಾರಿ ಜೀ ಮಾಮಾ ಎಂದ.